20 ನಿಮಿಷದ ಕಥೆ, ಯಾರ ಕಣ್ಣಲ್ಲಿ ಹೇಳಲಿ?

ದಕ್ಕೆಬದಿ (ಮಲ್ಪೆ)

ಎಲ್ಲರಿಗೂ ನಮಸ್ಕಾರ. ಒಂದು ಕಿರುಚಿತ್ರ ಬರೆಯುತ್ತಿದ್ದೇನೆ. 20 ನಿಮಿಷ ಮೀರುವ ಹಾಗಿಲ್ಲ, ದುಡ್ಡು ಇರುವುದೇ ಅಷ್ಟಕ್ಕೆ.

ಕಥೆ ಸಣ್ಣದು. ಮಲ್ಪೆಯ ಒಂದು ಮನೆ. ಅಪ್ಪ ತೀರಿಕೊಂಡ ಮೇಲೆ ಅಣ್ಣ ತಮ್ಮನಿಗೆ ಅಂತ ಉಳಿದದ್ದು ಒಂದು ಟ್ರಾಲ್ ಬೋಟ್. ಅಣ್ಣ ಅದರಲ್ಲೇ ತಂಡೇಲ, ಅಂದರೆ ಬೋಟ್ ನಡೆಸುವವ. ತಮ್ಮನಿಗೆ ಮಂಗಳೂರಿನಲ್ಲಿ ಕೆಲಸ, ಮಾರಿ ನನ್ನ ಪಾಲು ಕೊಡು ಅನ್ನುತ್ತಾನೆ. ಅಮ್ಮ ಇಬ್ಬರ ಮಾತಿಗೂ ಹೂಂಗುಟ್ಟುತ್ತಾಳೆ. ಕೊನೆಗೆ ಬೋಟ್ ಮಾರಾಟವಾಗುತ್ತದೆ.

ಹೇಗೆ ಹೇಳುವುದು ಅಂತ ಮಂಡೆಬಿಸಿ. ನೇರವಾಗಿ ಶುರುವಿನಿಂದ ಕೊನೆಯವರೆಗೆ ಹೇಳಿದರೆ ಸಪ್ಪೆ ಅನ್ನಿಸುತ್ತದೆ. ಮಾರಾಟದ ದಿನದಿಂದ ಶುರು ಮಾಡಿ ಹಿಂದಕ್ಕೆ ಹೋಗೋಣ ಅಂದರೆ, ಜೊತೆಯಲ್ಲಿರುವ ಗೆಳೆಯ ‘ಕೊನೆ ಮೊದಲೇ ಗೊತ್ತಾದರೆ ಯಾರು ಕೂತು ನೋಡ್ತಾರೆ’ ಅನ್ನುತ್ತಾನೆ. ಮೂರು ಜನರ ಕಣ್ಣಲ್ಲಿ ಮೂರು ಭಾಗ ಮಾಡಬಹುದು ಅಂತಲೂ ತಲೆಯಲ್ಲಿ ಉಂಟು. ನೋಡುವವರು, ಬರೆಯುವವರು ಇಬ್ಬರೂ ಇಲ್ಲಿದ್ದೀರಿ. ನೀವೇನು ಹೇಳುತ್ತೀರಿ?

ಇನ್ನೊಂದು ಮಾತು. ಇದರಲ್ಲಿ ದೈವ ಇಲ್ಲ, ಹುಲಿವೇಷ ಇಲ್ಲ, ಕಂಬಳವೂ ಇಲ್ಲ. ‘ಕರಾವಳಿ ಕಥೆ ಅಂತೀರಿ, ಕೋಲ ಎಲ್ಲಿ’ ಅಂತ ಈಗಾಗಲೇ ಇಬ್ಬರು ಕೇಳಿ ಆಯಿತು.

ಪಂಪ್‌ವೆಲ್ ಟ್ರಾಫಿಕ್

ಕೋಲ ಇಲ್ಲದ ಕರಾವಳಿ ಸಿನಿಮಾಕ್ಕೆ ಪರ್ಮಿಷನ್ ಯಾರು ಕೊಟ್ಟದ್ದು ಮಾರಾಯ್ರೆ?

ತಮಾಷೆ ಬಿಡಿ. ಮೂರು ಕಣ್ಣಿನ ಕಥೆ ಅಂದರೆ ನಿಮ್ಮ ಊರಲ್ಲೇ ಆಗಿದೆಯಲ್ಲ. ‘ಉಳಿದವರು ಕಂಡಂತೆ’ ಬಂದದ್ದು 2014ರಲ್ಲಿ, ಅದೇ ಮಲ್ಪೆ, ಅದೇ ಬೋಟು. ಈಗ ನೀವು ಮಾಡಿದರೆ ‘ಓ, ಅದರ ಹಾಗೆ’ ಅಂತಲೇ ಹೇಳುತ್ತಾರೆ.

ಕಟ್ಟಿಂಗ್ ಟೇಬಲ್ (ಮಣಿಪಾಲ)

ಹೇಳಲಿ ಬಿಡಿ, ಅದಕ್ಕೆ ಹೆದರಬೇಕಾಗಿಲ್ಲ. ಹೆದರಬೇಕಾದ ವಿಷಯ ಬೇರೆ ಇದೆ.

ಹಲವು ಕಣ್ಣಿನ ಕಥೆಯಲ್ಲಿ ಎರಡು ಬಗೆ ಇದೆ. ಎರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ. ಜಪಾನಿನ ಕುರೊಸಾವಾ ಅವರ ಸಿನಿಮಾ ‘ರಾಶೋಮನ್’ (1950) ನೋಡಿ. ಅಲ್ಲಿ ಒಬ್ಬರ ಸಾಕ್ಷಿ ಇನ್ನೊಬ್ಬರ ಸಾಕ್ಷಿಯನ್ನು ಸುಳ್ಳು ಮಾಡುತ್ತದೆ. ಪ್ರತಿಯೊಬ್ಬರೂ ತಮಗೆ ಗೌರವ ಉಳಿಯುವ ಹಾಗೆ ಹೇಳುತ್ತಾರೆ. ಕೊನೆಗೂ ನಿಜ ಏನು ಅಂತ ಕೈಗೆ ಸಿಗುವುದಿಲ್ಲ. ‘ಉಳಿದವರು ಕಂಡಂತೆ’ಯಲ್ಲಿ ಹಾಗಲ್ಲ. ಅಲ್ಲಿ ಒಬ್ಬೊಬ್ಬರ ಬಳಿ ಒಂದೊಂದು ತುಂಡು ಇದೆ. ಪತ್ರಕರ್ತೆ ಒಬ್ಬಳು ತುಂಡುಗಳನ್ನು ಕೂಡಿಸುತ್ತಾ ಹೋಗುತ್ತಾಳೆ. ಹೆಚ್ಚಿನ ಕಡೆ ಒಂದು ಇನ್ನೊಂದನ್ನು ಒಡೆಯುವುದಿಲ್ಲ, ತುಂಬುತ್ತದೆ.

ನಿಮ್ಮ ಅಣ್ಣ ತಮ್ಮಂದಿರು ಯಾವ ಬಗೆ? ಅಪ್ಪ ಸಾಯುವ ಮೊದಲು ಏನು ಹೇಳಿದ ಅನ್ನುವುದನ್ನು ಇಬ್ಬರೂ ಬೇರೆ ಬೇರೆ ಹೇಳುತ್ತಾರಾ? ಹೌದು ಅಂತಾದರೆ ಮೂರು ಕಣ್ಣು ಬೇಕು. ಬರೀ ಅಣ್ಣನಿಗೂ ಕಷ್ಟ, ತಮ್ಮನಿಗೂ ಕಷ್ಟ ಅಂತ ತೋರಿಸಲಿಕ್ಕಾದರೆ ಬೇಡ. ಒಂದೇ ದೃಶ್ಯದಲ್ಲಿ ಇಬ್ಬರನ್ನೂ ಎದುರು ಬದುರು ಕೂರಿಸಿದರೆ ಅದು ಗೊತ್ತಾಗುತ್ತದೆ. ಇರುವುದು 20 ನಿಮಿಷ, ಅದರಲ್ಲಿ ಮೂರು ಸಲ ಶುರು ಮಾಡುವುದು ಸುಮ್ನೆ ಅಲ್ಲ. ಪ್ರತಿ ಸಲವೂ ನೋಡುವವರಿಗೆ ‘ಈಗ ಯಾರ ಕಥೆ, ಎಷ್ಟು ಹಿಂದೆ’ ಅಂತ ಹೊಂದಿಕೊಳ್ಳಲು ಅರ್ಧ ನಿಮಿಷವಾದರೂ ಹೋಗುತ್ತದೆ.

ಹಿಮ್ಮೇಳ (ಉಡುಪಿ)

ನಿಮ್ಮ ಗೆಳೆಯರು ಕೇಳಿದರಲ್ಲ, ಕೊನೆ ಗೊತ್ತಾದರೆ ಯಾರು ನೋಡುತ್ತಾರೆ ಅಂತ. ನಮ್ಮ ಜಿಲ್ಲೆಯವರೇ ಈ ಪ್ರಶ್ನೆ ಕೇಳಿದರೆ ನಗು ಬರುತ್ತದೆ.

ಯಕ್ಷಗಾನದ ಕರ್ಣಪರ್ವದಲ್ಲಿ ಕರ್ಣ ಸಾಯುತ್ತಾನೆ. ಚಾಪೆ ಹಿಡಿದುಕೊಂಡು ಬಯಲಿಗೆ ಬರುವ ಮಗುವಿಗೂ ಗೊತ್ತು. ಆದರೂ ಬೆಳಗಿನ ಜಾವದವರೆಗೆ ಕೂತು ನೋಡಿದವರು ನಾವು. ಈಗ ಹಲವು ಮೇಳಗಳು ಕಾಲಮಿತಿಗೆ ಬಂದಿವೆ, ಅದು ಬೇರೆ ವಿಷಯ.

ನನಗೆ ತಾಳಮದ್ದಳೆಯ ಹುಚ್ಚು ಜಾಸ್ತಿ. ಸಣ್ಣ ಮಟ್ಟಿಗೆ ಅರ್ಥವನ್ನೂ ಹೇಳುತ್ತೇನೆ, ಅಂದರೆ ಪಾತ್ರವಾಗಿ ಮಾತಾಡುತ್ತೇನೆ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಪರದೆಯೂ ಇಲ್ಲ. ನಾಲ್ಕು ಜನ ಶಾಲು ಹೊದ್ದು ಕೂತಿರುತ್ತಾರೆ, ಅಷ್ಟೆ. ವಾಲಿಯ ಪ್ರಸಂಗ ತೆಗೆದುಕೊಳ್ಳಿ. ಬಾಣ ಬಿದ್ದಾಗಿದೆ. ಕಥೆ ಅಂತ ನೋಡಿದರೆ ಅಲ್ಲಿಗೆ ಮುಗಿಯಿತು. ನಿಜವಾದ ಕಥೆ ಶುರುವಾಗುವುದೇ ಆಮೇಲೆ. ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ವಾಲಿ ಕೇಳುತ್ತಾನೆ. ಒಬ್ಬ ಅರ್ಥಧಾರಿಯ ವಾಲಿ ರಾಮನನ್ನು ಕಟಕಟೆಗೆ ಏರಿಸುತ್ತಾನೆ. ಇನ್ನೊಬ್ಬರ ವಾಲಿಗೆ ಸಿಟ್ಟೆಲ್ಲ ಮುಗಿದು ಅಂಗದನ ಚಿಂತೆ ಹತ್ತುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಬಗ್ಗೆ ಹಿರಿಯರು ಇವತ್ತಿಗೂ ಮಾತಾಡುತ್ತಾರೆ. ಭಾಗವತರು ಹಾಡುವ ಪದ್ಯ ಎಲ್ಲರಿಗೂ ಒಂದೇ. ‘ಮುಂದೆ ಏನಾಗುತ್ತದೆ’ ಅಂತ ಯಾರೂ ಕಾಯುವುದಿಲ್ಲ. ‘ಇವತ್ತಿನ ವಾಲಿ ಏನು ಕೇಳುತ್ತಾನೆ, ಇವತ್ತಿನ ರಾಮ ಹೇಗೆ ತಪ್ಪಿಸಿಕೊಳ್ಳುತ್ತಾನೆ’ ಅಂತ ಕಾಯುತ್ತಾರೆ.

ಬೋಟ್ ಮಾರಾಟ ಆಯಿತು ಅಂತ ಮೊದಲ ನಿಮಿಷದಲ್ಲೇ ಹೇಳಿಬಿಡಿ ತಮ್ಮಾ. ಆಮೇಲೆ ಅಣ್ಣನ ಹತ್ತಿರ ಮಾತಾಡಿಸಿ.

ಕಂತುಬರಹ (ಮಂಗಳೂರು)

ಹಿಮ್ಮೇಳದವರ ಮಾತು ಅರ್ಧ ಒಪ್ಪಿದೆ. ಕರ್ಣ ಸಾಯುತ್ತಾನೆ ಅಂತ ಗೊತ್ತಿದ್ದೂ ಕಾಯುತ್ತೇವೆ, ಯಾಕೆಂದರೆ ಕರ್ಣ ನಮಗೆ ಹುಟ್ಟಿದಾಗಿನಿಂದ ಗೊತ್ತು. ದಕ್ಕೆಬದಿಯವರ ಅಣ್ಣ ಯಾರು ಅಂತ ಯಾರಿಗೂ ಗೊತ್ತಿಲ್ಲ. ಗುರುತೇ ಇಲ್ಲದವನ ಬೋಟ್ ಮಾರಾಟವಾದರೆ ನನಗೆಂತ?

ಕೊನೆ ಮೊದಲೇ ಹೇಳುವುದಾದರೆ ಇನ್ನೊಂದನ್ನು ಮುಚ್ಚಿಡಬೇಕು. ‘ದೃಶ್ಯಂ’ ನೆನಪು ಮಾಡಿಕೊಳ್ಳಿ. ಮಲಯಾಳದಲ್ಲಿ 2013, ಕನ್ನಡದಲ್ಲಿ ‘ದೃಶ್ಯ’ ಅಂತ 2014. ಯಾರು ಕೊಂದದ್ದು, ಯಾಕೆ ಅಂತ ನಮ್ಮ ಕಣ್ಣೆದುರೇ ನಡೆಯುತ್ತದೆ. ಪೊಲೀಸರಿಗಿಂತ ನಮಗೆ ಜಾಸ್ತಿ ಗೊತ್ತು ಅಂತ ಹೆಮ್ಮೆಯಿಂದ ಕೂತಿರುತ್ತೇವೆ. ಆದರೆ ಹೆಣ ಎಲ್ಲಿ ಅನ್ನುವುದು ನಮಗೂ ಗೊತ್ತಿಲ್ಲ. ಅದು ಕೊನೆಗೆ ಬರುತ್ತದೆ. (ಇಷ್ಟು ವರ್ಷ ಆದ ಮೇಲೂ ನೋಡದವರಿದ್ದರೆ ಇರಲಿ ಅಂತ ಜಾಗ ಹೇಳುವುದಿಲ್ಲ.) ಒಂದನ್ನು ಕೊಟ್ಟು ಇನ್ನೊಂದನ್ನು ಬಚ್ಚಿಟ್ಟದ್ದರಿಂದಲೇ ಅದು ಓಡಿದ್ದು.

ನೀವು ಬೋಟ್ ಮಾರಾಟ ಕೊಡಿ. ಬಚ್ಚಿಡುವುದು ಯಾವುದು? ಅದು ಸಿಗದೆ ಹೋದರೆ ನೇರವಾಗಿಯೇ ಹೇಳುವುದು ವಾಸಿ.

ಸಂಜೆ ಏಳು (ಬ್ರಹ್ಮಾವರ)

ನಾನು ಬರೆಯುವವಳಲ್ಲ, ನೋಡುವವಳು. ಒಂದು ಸಂಶಯ ಕೇಳುತ್ತೇನೆ, ನಗಬೇಡಿ. ಧಾರಾವಾಹಿಯಲ್ಲಿ ಒಂದು ಮಾತು ಆದ ಕೂಡಲೇ ಎಲ್ಲರ ಮುಖ ಒಂದೊಂದಾಗಿ ತೋರಿಸುತ್ತಾರಲ್ಲ, ಢಣ್ ಢಣ್ ಅಂತ. ಅದು ಎಂತಕ್ಕೆ? ನಮ್ಮ ಮನೆಯಲ್ಲಿ ಮಕ್ಕಳು ಅದನ್ನೇ ಆಡಿಕೊಂಡು ನಗುತ್ತವೆ. ಆದರೆ ನೋಡುವಾಗ ನನಗೆ ಬೇಜಾರು ಬರುವುದಿಲ್ಲ.

ಪಂಪ್‌ವೆಲ್ ಟ್ರಾಫಿಕ್

ಅಕ್ಕಾ, 20 ನಿಮಿಷ ತುಂಬಿಸಬೇಕಲ್ಲ, ಅದಕ್ಕೆ. ಧಾರಾವಾಹಿಯಲ್ಲಿ ಕಥೆ ಎಲ್ಲಿ ಉಂಟು, ಬರೀ ರಬ್ಬರ್.

ಕಂತುಬರಹ

ಅಕ್ಕ ಕೇಳಿದ್ದು ನಗುವ ಪ್ರಶ್ನೆ ಅಲ್ಲ. ನಾನು ಕೆಲವು ವರ್ಷ ಬೆಂಗಳೂರಿನಲ್ಲಿ ಧಾರಾವಾಹಿಗೆ ಸಂಭಾಷಣೆ ಬರೆದವನು. ಸ್ವಲ್ಪ ಉದ್ದ ಹೇಳುತ್ತೇನೆ.

ಮೊದಲು ಕೆಲಸ ಹೇಗೆ ನಡೆಯುತ್ತದೆ ಅಂತ. ಅರ್ಧ ಗಂಟೆಯ ಜಾಗದಲ್ಲಿ ಜಾಹೀರಾತು ಕಳೆದು ಇಪ್ಪತ್ತು ಚಿಲ್ಲರೆ ನಿಮಿಷ ಉಳಿಯುತ್ತದೆ. ಕಥೆಯ ಎಳೆ ಒಬ್ಬರದ್ದು, ಚಿತ್ರಕಥೆ ಇನ್ನೊಬ್ಬರದ್ದು, ಮಾತು ಮತ್ತೊಬ್ಬರದ್ದು. ವಾಹಿನಿಯವರು ನಡುವೆ ಕೂತಿರುತ್ತಾರೆ. ಹೆಚ್ಚುಕಡಿಮೆ ದಿನಕ್ಕೊಂದು ಕಂತು ಚಿತ್ರೀಕರಣ ಆಗಲೇಬೇಕು, ಇಲ್ಲವಾದರೆ ಕೈಯಲ್ಲಿರುವ ಕಂತುಗಳು ಖಾಲಿ. ಗುರುವಾರ ಟಿಆರ್‌ಪಿ ಬರುತ್ತದೆ. ಬುಧವಾರದವರೆಗೆ ಒಳ್ಳೆಯವಳಾಗಿದ್ದ ಅತ್ತಿಗೆ ಶುಕ್ರವಾರದಿಂದ ಕೆಟ್ಟವಳಾಗಬಹುದು. ಒಮ್ಮೆ ಒಬ್ಬ ನಟ ನಡುವೆ ಬಿಟ್ಟುಹೋದ. ಅವನ ಪಾತ್ರವನ್ನು ಕೋಮಾಕ್ಕೆ ಹಾಕಿದೆವು. ಬೇರೊಬ್ಬ ನಟ ಸಿಕ್ಕಿದ ಮೇಲೆ ಮುಖಕ್ಕೆ ಪಟ್ಟಿ ಕಟ್ಟಿ ಎಬ್ಬಿಸಿದೆವು. ನೀವೆಲ್ಲ ನಗುವ ‘ಪ್ಲಾಸ್ಟಿಕ್ ಸರ್ಜರಿ’ ಹುಟ್ಟುವುದು ಹೀಗೆ. ಬರೆಯುವವನಿಗೆ ಬೇರೆ ದಾರಿ ಇರುವುದಿಲ್ಲ.

ಈಗ ಮುಖಗಳ ವಿಷಯ. ತುಂಬಿಸಲಿಕ್ಕೆ ಹೌದು, ಸುಳ್ಳಲ್ಲ. ಆದರೆ ಬರೀ ಅಷ್ಟೇ ಅಲ್ಲ. ಧಾರಾವಾಹಿಯನ್ನು ಹೆಚ್ಚಿನವರು ಕೂತು ನೋಡುವುದಿಲ್ಲ, ಕೆಲಸ ಮಾಡುತ್ತಾ ಕೇಳುತ್ತಾರೆ. ಒಲೆಯ ಮೇಲೆ ಸಾರು ಇರುತ್ತದೆ. ‘ಢಣ್’ ಅಂದಾಗ ಟಿವಿ ಕಡೆ ತಿರುಗಬೇಕು ಅಂತ ಅರ್ಥ. ತಿರುಗುವಷ್ಟು ಹೊತ್ತು ಪರದೆಯ ಮೇಲೆ ಮುಖ ನಿಂತಿರಬೇಕು. ಅದಕ್ಕೇ ಒಂದು ಮುಖ್ಯ ಸಂಗತಿಯನ್ನು ನಾವು ಮೂರು ಜನರ ಬಾಯಲ್ಲಿ ಹೇಳಿಸುತ್ತಿದ್ದೆವು. ಮಗಳು ತಾಯಿಗೆ ಹೇಳುತ್ತಾಳೆ, ತಾಯಿ ಗಂಡನಿಗೆ, ಗಂಡ ಫೋನಿನಲ್ಲಿ ತಮ್ಮನಿಗೆ. ಸೋಮವಾರ ತಪ್ಪಿಸಿಕೊಂಡವರಿಗೆ ಮಂಗಳವಾರ ಗೊತ್ತಾಗಬೇಕು. ಧಾರಾವಾಹಿ ಬರೆಯುವುದು ಕಿವಿಗೆ. ಅದನ್ನು ಸಿನಿಮಾ ಥಿಯೇಟರಿನ ಕತ್ತಲಲ್ಲಿ ಕೂತವರ ಕಣ್ಣಿಂದ ಅಳೆದರೆ ಕೆಟ್ಟದಾಗಿಯೇ ಕಾಣುತ್ತದೆ.

ಇದರ ಅರ್ಥ ಎಲ್ಲ ಧಾರಾವಾಹಿಯೂ ಲಾಯ್ಕ ಅಂತ ಅಲ್ಲ. ನಾನು ಬರೆದದ್ದರಲ್ಲಿ ಅರ್ಧಕ್ಕರ್ಧ ರಬ್ಬರೇ.

ಸಂಜೆ ಏಳು

ಅದೇ ಮತ್ತೆ! ನಾನು ಚಪಾತಿ ಲಟ್ಟಿಸುತ್ತಾ ನೋಡುವುದು. ಒಂದೂ ತಪ್ಪಿಹೋಗುವುದಿಲ್ಲ. ಮಗಳು ಮೊಬೈಲಿನಲ್ಲಿ ನೋಡುವ ಇಂಗ್ಲಿಷಿನದ್ದು ಒಮ್ಮೆ ನೋಡಿದೆ, ನೀರು ಕುಡಿದು ಬರುವಷ್ಟರಲ್ಲಿ ಯಾರು ಯಾರಿಗೆ ಏನಾಗಬೇಕು ಅಂತಲೇ ಗೊತ್ತಾಗಲಿಲ್ಲ.

ಹಾಗಂತ ನಮಗೆ ಒಳ್ಳೆಯದು ಕೆಟ್ಟದು ಗೊತ್ತಾಗುವುದಿಲ್ಲ ಅಂತ ಇಲ್ಲ. ‘ಮಾಯಾಮೃಗ’ ಬರುವಾಗ ನಾನು ಕೆಲಸ ಬಿಟ್ಟು ಕೂತದ್ದು. ಅದರಲ್ಲಿ ಯಾರೂ ಪೂರ್ತಿ ಕೆಟ್ಟವರಿರಲಿಲ್ಲ. ನಮ್ಮ ಓಣಿಯ ಜನರ ಹಾಗೇ ಇದ್ದರು. ಹಾಗೆ ಈಗ ಯಾಕೆ ಬರುವುದಿಲ್ಲ?

ಕಂತುಬರಹ

ಅಕ್ಕಾ, ಅದು 1998, ದೂರದರ್ಶನ. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ಮಾಡಿದ್ದು. ಅಷ್ಟು ಹೊತ್ತಿಗೆ ಕನ್ನಡದಲ್ಲಿ ಇಷ್ಟು ವಾಹಿನಿಗಳೇ ಇರಲಿಲ್ಲ. ರಿಮೋಟ್ ಒತ್ತಿದರೆ ಪಕ್ಕದಲ್ಲಿ ಅದೇ ಹೊತ್ತಿಗೆ ಇನ್ನೊಂದು ಮದುವೆ ನಡೆಯುತ್ತಿರಲಿಲ್ಲ. ಈಗ ನಿಧಾನ ಹೋದರೆ ಕೈ ರಿಮೋಟಿಗೆ ಹೋಗುತ್ತದೆ ಅಂತ ವಾಹಿನಿಯವರಿಗೆ ಹೆದರಿಕೆ. ಹೆದರಿ ಹೆದರಿ ಪ್ರತಿ ಕಂತಿನ ಕೊನೆಗೂ ಒಂದು ಆಘಾತ ಇಡುತ್ತಾರೆ. ದಿನಾ ಆಘಾತ ಆದರೆ ಯಾವುದೂ ಆಘಾತ ಅಲ್ಲ.

ಹಿಮ್ಮೇಳ

ಟಿವಿಯ ವಿಷಯ ಬಂದಾಗ ‘ಗುಲಾಬಿ ಟಾಕೀಸ್’ ನೆನಪಾಯಿತು. ಗಿರೀಶ ಕಾಸರವಳ್ಳಿಯವರ ಸಿನಿಮಾ, 2008. ವೈದೇಹಿಯವರ ಕಥೆಯಲ್ಲಿ ಊರಿಗೆ ಬರುವುದು ಟಾಕೀಸು. ಕಾಸರವಳ್ಳಿ ಅದನ್ನು ಟಿವಿ ಮಾಡಿದರು. ಕುಂದಾಪುರ ಕಡೆಯ ಮೀನುಗಾರರ ಊರು, ಸೂಲಗಿತ್ತಿ ಗುಲಾಬಿಯ ಮನೆಗೆ ಬಣ್ಣದ ಟಿವಿ, ಡಿಶ್ ಎರಡೂ ಬರುತ್ತವೆ. ದೂರ ಇದ್ದ ಹೆಂಗಸರು ಟಿವಿಗೋಸ್ಕರ ಅವಳ ಮನೆ ಹೊಕ್ಕುತ್ತಾರೆ, ಕೆಲವರು ಒಳಗೆ ಬಾರದೆ ಹೊರಗೇ ನಿಲ್ಲುತ್ತಾರೆ. ಊರು ಹೇಗೆ ಒಡೆಯುತ್ತಿದೆ ಅಂತ ಹೇಳಲಿಕ್ಕೆ ಅದೇ ಸಾಕು. ಯಾರೂ ಭಾಷಣ ಮಾಡುವುದಿಲ್ಲ.

ಗುಲಾಬಿಯಾಗಿ ರಾಷ್ಟ್ರಪ್ರಶಸ್ತಿ ಪಡೆದ ಉಮಾಶ್ರೀಯವರೇ ಆಮೇಲೆ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಪುಟ್ಟಕ್ಕ. ಅದೇ ನಟಿ, ಎರಡು ಬೇರೆ ಬೇರೆ ಕಥೆ ಹೇಳುವ ಕ್ರಮ. ಒಂದರಲ್ಲಿ ಸುಮ್ಮನೆ ಟಿವಿ ನೋಡುತ್ತಾ ಕೂತಿರುವುದೇ ನಟನೆ. ಇನ್ನೊಂದರಲ್ಲಿ ಕಣ್ಣೀರು, ಮಾತು, ಸಂಗೀತ ಎಲ್ಲ ಒಟ್ಟಿಗೆ ಬರಬೇಕು. ಎರಡನ್ನೂ ಅವರು ಮಾಡಿದ್ದಾರೆ. ಯಾವುದು ದೊಡ್ಡದು ಅಂತ ಜಗಳ ಮಾಡುವವರು ನಾವು.

ಕಟ್ಟಿಂಗ್ ಟೇಬಲ್

ಜಗಳ ಬೇಕು ಸರ್. ಎಲ್ಲವೂ ಅದರದರ ಮಟ್ಟಿಗೆ ಸರಿ ಅಂದುಬಿಟ್ಟರೆ ಮಾತಾಡಲಿಕ್ಕೆ ಏನು ಉಳಿಯಿತು? ಕಿವಿಗೆ ಬರೆಯುತ್ತೇವೆ ಅನ್ನುವುದು ಸರಿ. ಆದರೆ ಕಿವಿಗೆ ಬರೆದ ಬಾನುಲಿ ನಾಟಕಗಳೂ ಇದ್ದವಲ್ಲ. ಅಲ್ಲಿ ಒಂದೇ ವಿಷಯವನ್ನು ಮೂರು ಸಲ ಹೇಳುತ್ತಿರಲಿಲ್ಲ.

ದಕ್ಕೆಬದಿಯವರ ಪ್ರಶ್ನೆಗೆ ಬರುತ್ತೇನೆ. ನೇರವಾಗಿ ಹೇಳಿದರೆ ಸಪ್ಪೆ ಅಂದಿರಿ. 2025ರಲ್ಲಿ ಬಂದ ‘ಅಡೋಲೆಸೆನ್ಸ್’ ನೋಡಿದ್ದೀರಾ? ಬ್ರಿಟಿಷ್ ಸರಣಿ, ನಾಲ್ಕೇ ಕಂತು. ಪ್ರತಿ ಕಂತೂ ಶುರುವಿನಿಂದ ಕೊನೆಯವರೆಗೆ ಒಂದೇ ಶಾಟ್, ಎಲ್ಲೂ ಕಟ್ ಇಲ್ಲ. ಒಬ್ಬ ಹುಡುಗನನ್ನು ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ. ಅವನೇ ಮಾಡಿದ್ದು ಅಂತ ಮೊದಲ ಕಂತು ಮುಗಿಯುವಾಗ ನಮಗೆ ಗೊತ್ತಾಗುತ್ತದೆ. ಫ್ಲ್ಯಾಷ್‌ಬ್ಯಾಕ್ ಇಲ್ಲ, ಕೊಲೆಯಾದವಳ ಬದುಕು ಇಲ್ಲ, ಕೋರ್ಟೂ ಇಲ್ಲ. ಕ್ಯಾಮೆರಾ ಇದ್ದಲ್ಲಿ ಮಾತ್ರ ಕಥೆ. ಮೊದಲ ಕಂತಿನಲ್ಲಿ ಠಾಣೆಯಲ್ಲಿ ಅಪ್ಪ ಕಾಯುತ್ತಾನೆ, ಜೊತೆಗೆ ನಾವೂ ಕಾಯಬೇಕು. ಸಾಮಾನ್ಯವಾಗಿ ನಮ್ಮಂಥ ಎಡಿಟರುಗಳು ಕತ್ತರಿಸಿ ಬಿಸಾಡುವುದು ಅದನ್ನೇ. ಓಣಿಯಲ್ಲಿ ನಡೆಯುವುದು, ಬಾಗಿಲು ತೆರೆಯಲು ಕಾಯುವುದು. ಅಲ್ಲಿ ಅದೇ ಕಥೆ.

ಎಲ್ಲರೂ ಒಂದೇ ಶಾಟ್ ಮಾಡಿ ಅಂತ ಹೇಳುತ್ತಿಲ್ಲ. ಅದು ತಾಲೀಮು, ದುಡ್ಡು ಎರಡೂ ತಿನ್ನುತ್ತದೆ. ಹೇಳುವುದು ಇಷ್ಟೇ. ನೇರ ಕಥೆ ಸಪ್ಪೆ ಆಗುವುದು ಎಲ್ಲಾ ಕಡೆ ಹೋಗಿ ಎಲ್ಲವನ್ನೂ ತೋರಿಸಿದಾಗ. ಒಬ್ಬರ ಪಕ್ಕ ನಿಂತು ಅವರಿಗೆ ಕಂಡಷ್ಟೇ ತೋರಿಸಿ ನೋಡಿ.

ಪಂಪ್‌ವೆಲ್ ಟ್ರಾಫಿಕ್

ಅದಕ್ಕೆ ಬ್ರಿಟನ್‌ವರೆಗೆ ಯಾಕೆ ಹೋಗಬೇಕು? ‘ಘಟಶ್ರಾದ್ಧ’ ಸಿನಿಮಾ, 1977. ಯಮುನಕ್ಕನಿಗೆ ಆಗುವ ಅನ್ಯಾಯ ಪೂರ್ತಿ ಕಾಣುವುದು ನಾಣಿ ಅನ್ನುವ ಸಣ್ಣ ಹುಡುಗನ ಕಣ್ಣಲ್ಲಿ. ಅವನಿಗೆ ಅರ್ಧ ಅರ್ಥವಾಗುವುದಿಲ್ಲ. ನಮಗೆ ಅರ್ಥವಾಗುತ್ತದೆ. ಆ ನಡುವಿನ ಜಾಗದಲ್ಲೇ ಹೊಟ್ಟೆ ಉರಿಯುವುದು.

ಇತ್ತೀಚಿನದು ಬೇಕಾದರೆ ‘ಮಿಥ್ಯ’. ಅಪ್ಪ ಅಮ್ಮನನ್ನು ಕಳೆದುಕೊಂಡ ಹುಡುಗ ಮುಂಬೈಯಿಂದ ಉಡುಪಿಗೆ ಬರುತ್ತಾನೆ. ಅಪ್ಪ ಅಮ್ಮನಿಗೆ ಏನಾಯಿತು ಅಂತ ಯಾರೂ ನಮ್ಮನ್ನು ಕೂರಿಸಿ ಹೇಳುವುದಿಲ್ಲ. ದೊಡ್ಡವರು ಅವನ ಎದುರು ಅರ್ಧಕ್ಕೆ ನಿಲ್ಲಿಸುವ ಮಾತಿನಲ್ಲೇ ನಾವೂ ಹೆಕ್ಕಿಕೊಳ್ಳಬೇಕು. ನನಗೆ ಮೊದಲು ನಿಧಾನ ಅನ್ನಿಸಿತು. ಮನೆಗೆ ಬಂದ ಮೇಲೆ ಆ ಹುಡುಗ ಬಿಡಲಿಲ್ಲ.

ಕಂತುಬರಹ

ನಿಧಾನ ಅನ್ನುವುದನ್ನು ಹೊಗಳಿಕೆ ಮಾಡಿಬಿಟ್ಟಿದ್ದೀರಿ ನೀವೆಲ್ಲ. ಅದೇ 2025ರಲ್ಲಿ ‘ಸು ಫ್ರಂ ಸೋ’ ಬಂತು. ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅಂತ ಒಂದು ಸುಳ್ಳು ಹುಟ್ಟುತ್ತದೆ, ಊರಿಗೆ ಊರೇ ಅದರ ಹಿಂದೆ ಓಡುತ್ತದೆ. ಅಲ್ಲಿ ಯಾರ ಕಣ್ಣು? ಯಾರದ್ದೂ ಅಲ್ಲ, ಇಡೀ ಊರಿನದ್ದು. ಒಬ್ಬನ ಬಾಯಿಯಿಂದ ಇನ್ನೊಬ್ಬನ ಬಾಯಿಗೆ ಹೋಗುವಾಗ ಸುದ್ದಿ ದಪ್ಪ ಆಗುತ್ತದೆ, ಅದೇ ಕಥೆ. ನಮ್ಮ ತುಳು ನಾಟಕ ನೋಡಿದವರಿಗೆ ಈ ಓಟ ಹೊಸತಲ್ಲ. ಹತ್ತು ಜನ ವೇದಿಕೆಯಲ್ಲಿ, ಹತ್ತು ಜನರಿಗೂ ಒಂದೊಂದು ನಗೆಯ ಮಾತು, ನಡುವೆ ಕಥೆ ಮುಂದೆ ಹೋಗಿರುತ್ತದೆ. ಥಿಯೇಟರಿನಲ್ಲಿ ಎಲ್ಲ ಒಟ್ಟಿಗೆ ನಗುವಾಗ ಪಕ್ಕದವರ ನಗುವೂ ಕಥೆಯ ಭಾಗ. ಅದನ್ನು ಮೊಬೈಲಿನಲ್ಲಿ ಒಬ್ಬರೇ ನೋಡಿದರೆ ಅರ್ಧ ಸಿಗುವುದಿಲ್ಲ.

ದಕ್ಕೆಬದಿಯವರೇ, ನಿಮ್ಮ ಚಿತ್ರ ಎಲ್ಲಿ ನೋಡಲಿಕ್ಕೆ? ಯೂಟ್ಯೂಬ್ ಅಂತಾದರೆ ಮೊದಲ ಅರ್ಧ ನಿಮಿಷದಲ್ಲಿ ಹೆಬ್ಬೆರಳು ನಿಲ್ಲಬೇಕು. ಸಭಾಂಗಣದಲ್ಲಿ ತೋರಿಸುವುದಾದರೆ ಜನ ಹೇಗೂ ಕೂತಿರುತ್ತಾರೆ. ಮೊದಲು ಅದನ್ನು ತೀರ್ಮಾನ ಮಾಡಿ.

ದಕ್ಕೆಬದಿ

ಎಲ್ಲರಿಗೂ ಉತ್ತರ ಬರೆಯುತ್ತೇನೆ, ಸ್ವಲ್ಪ ತಡವಾಯಿತು.

ಎಲ್ಲಿ ತೋರಿಸುವುದು: ಮೊದಲು ಊರಿನಲ್ಲೇ, ಪರದೆ ಕಟ್ಟಿ. ಆಮೇಲೆ ಯೂಟ್ಯೂಬ್.

ಮೂರು ಕಣ್ಣು ಬಿಟ್ಟೆ. ಕಟ್ಟಿಂಗ್ ಟೇಬಲ್ ಕೇಳಿದ ಪ್ರಶ್ನೆ ಸರಿ ಇತ್ತು, ನನ್ನ ಅಣ್ಣ ತಮ್ಮ ಇಬ್ಬರೂ ಸುಳ್ಳು ಹೇಳುವುದಿಲ್ಲ. ಇಬ್ಬರ ಮಾತೂ ನಿಜ, ಅದೇ ತೊಂದರೆ. ಹಾಗಾಗಿ ಅಮ್ಮನ ಪಕ್ಕ ನಿಲ್ಲುತ್ತೇನೆ. ಅವಳು ಕಥೆ ಹೇಳುವುದಿಲ್ಲ, ಹಿನ್ನೆಲೆಯಲ್ಲಿ ಅವಳ ದನಿ ಇಲ್ಲ. ಅವಳು ಇದ್ದಲ್ಲಿ ಕ್ಯಾಮೆರಾ ಇರುತ್ತದೆ, ಅಷ್ಟೆ. ಅಣ್ಣ ತಮ್ಮನ ಜಗಳ ನಡೆಯುವುದು ಜಗಲಿಯಲ್ಲಿ. ನಾವು ಅಡುಗೆಮನೆಯಲ್ಲಿದ್ದು ಕೇಳುತ್ತೇವೆ. ಅರ್ಧ ಮಾತು ಮಳೆಯಲ್ಲಿ ಹೋಗುತ್ತದೆ.

ಮಳೆ ಯಾಕೆಂದರೆ, ಕಥೆಯನ್ನು ಟ್ರಾಲಿಂಗ್ ನಿಷೇಧದ ಹೊತ್ತಿಗೆ ಇಟ್ಟೆ. ಜೂನ್ 1ರಿಂದ ಜುಲೈ 31, 61 ದಿನ. ಬೋಟುಗಳೆಲ್ಲ ದಕ್ಕೆಯಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ, ಅಣ್ಣನಿಗೆ ಮನೆಯಲ್ಲಿ ಕೂರುವುದು ಬಿಟ್ಟು ಕೆಲಸ ಇರುವುದಿಲ್ಲ. ಆಗಸ್ಟ್ 1ಕ್ಕೆ ಬೋಟ್ ಹೊಸ ಮಾಲೀಕನದ್ದು ಅಂತ ಮೊದಲ ದೃಶ್ಯದಲ್ಲೇ ಹೇಳಿಬಿಡುತ್ತೇನೆ. ಮುಂಗಡ ತೆಗೆದುಕೊಂಡು ಆಗಿದೆ. ಕೊನೆ ಎಲ್ಲರಿಗೂ ಗೊತ್ತು, ದಿನ ಮಾತ್ರ ಕಡಿಮೆಯಾಗುತ್ತಾ ಬರುತ್ತದೆ.

ಕಂತುಬರಹದವರು ಕೇಳಿದ ‘ಬಚ್ಚಿಡುವುದು ಯಾವುದು’: ಮುಂಗಡದ ದುಡ್ಡು ತೆಗೆದುಕೊಂಡದ್ದು ಯಾರು ಅಂತ. ತಮ್ಮನೇ ತೆಗೆದುಕೊಂಡದ್ದು ಅಂತ ಅಣ್ಣ ಅಂದುಕೊಂಡಿದ್ದಾನೆ, ಅಣ್ಣನೇ ತೆಗೆದುಕೊಂಡದ್ದು ಅಂತ ತಮ್ಮ ಅಂದುಕೊಂಡಿದ್ದಾನೆ. ತೆಗೆದುಕೊಂಡದ್ದು ಅಮ್ಮ. ಅವಳ ಪಕ್ಕದಲ್ಲೇ ಇದ್ದ ನಮಗೂ ಗೊತ್ತಾಗಿರುವುದಿಲ್ಲ.

ಹಿಮ್ಮೇಳ

ಇದು ಆಯಿತು ನೋಡಿ! ಅಮ್ಮ ಕೊನೆಗೆ ಏನು ಹೇಳುತ್ತಾಳೆ? ಆ ಮಾತು ಬರೆಯುವಾಗ ನನ್ನನ್ನೂ ಕೇಳಿ.

ಕಂತುಬರಹ

ಏನೂ ಹೇಳಿಸಬೇಡಿ. ಹಿಮ್ಮೇಳದವರು ಬಂದರೆ ಅಮ್ಮ 40 ನಿಮಿಷ ಮಾತಾಡುತ್ತಾಳೆ.

ಕಟ್ಟಿಂಗ್ ಟೇಬಲ್

ಒಂದು ತಕರಾರು. ಪ್ರೇಕ್ಷಕರು ಇಡೀ ಹೊತ್ತು ಅಮ್ಮನ ಜೊತೆಗೇ ಇದ್ದು, ಅವಳಿಗೆ ಗೊತ್ತಿದ್ದದ್ದು ಅವರಿಗೆ ಗೊತ್ತಿಲ್ಲ ಅಂತಾದರೆ ಮೋಸ ಅನ್ನಿಸಬಾರದು. ಎರಡನೇ ಸಲ ನೋಡಿದಾಗ ‘ಅಯ್ಯೋ, ಇಲ್ಲೇ ಇತ್ತಲ್ಲ’ ಅನ್ನಿಸಬೇಕು. ಅದಕ್ಕೆ ದುಡ್ಡು ಮೊದಲೇ ಒಮ್ಮೆ ಕಣ್ಣಿಗೆ ಬೀಳಲಿ. ಆದರೆ ಅದು ಬೇರೆ ದುಡ್ಡು ಅಂತ ಅನ್ನಿಸಲಿ. ಎಲ್ಲಿ ಇಡುತ್ತಾಳೆ, ಯಾವ ದುಡ್ಡಿನ ಜೊತೆ ಅಂತ ಯೋಚನೆ ಮಾಡಿ.

ಮತ್ತೆ ಮಳೆಯಲ್ಲಿ ಶಬ್ದ ಹಿಡಿಯುವುದು ಕಷ್ಟ. ಶೀಟಿನ ಮಾಡು ಇರುವ ಮನೆ ಹಿಡಿಯಬೇಡಿ, ಹೆಂಚಿನದ್ದು ನೋಡಿ. ಆದರೂ ಡಬ್ಬಿಂಗಿಗೆ ಒಂದು ದಿನ ಇಟ್ಟುಕೊಳ್ಳಿ.

ಪಂಪ್‌ವೆಲ್ ಟ್ರಾಫಿಕ್

ಮನೆಯವರು ಯಾವ ಭಾಷೆ ಮಾತಾಡುವುದು? ಮನೆಯೊಳಗೆ ತುಳು, ಬೋಟ್ ಕೊಳ್ಳುವವನ ಹತ್ತಿರ ಕನ್ನಡ, ಹಾಗೇ ಬಿಡಿ. ಎಲ್ಲರೂ ಟಿವಿ ಕನ್ನಡ ಮಾತಾಡಿದರೆ ನಾನು ಎದ್ದು ಹೋಗುತ್ತೇನೆ.

ಸಂಜೆ ಏಳು

ನಾನೂ ಒಂದು ಹೇಳಬಹುದಾ? ಅಮ್ಮನನ್ನು ಅಡುಗೆಮನೆಯಲ್ಲೇ ಯಾಕೆ ಕೂರಿಸುತ್ತೀರಿ? ಮಲ್ಪೆಯ ಅಮ್ಮ ಅಂದರೆ ಬೆಳಿಗ್ಗೆ ದಕ್ಕೆಗೆ ಹೋಗಿ ಏಲಂನಲ್ಲಿ ಮೀನು ಹಿಡಿದು, ಬುಟ್ಟಿ ಇಟ್ಟುಕೊಂಡು ಬಸ್ಸು ಹತ್ತುವವಳು. ನಮ್ಮ ಮನೆಗೆ ಬರುವ ಮೀನಿನ ಅಮ್ಮ ಲೆಕ್ಕದಲ್ಲಿ ಒಂದು ರೂಪಾಯಿ ಆಚೆ ಈಚೆ ಮಾಡುವುದಿಲ್ಲ. ಮಕ್ಕಳಿಬ್ಬರ ಮಾತಿಗೂ ಹೂಂ ಅನ್ನುವವಳ ಹಾಗೆ ಅವಳು ಕಾಣುವುದಿಲ್ಲ. ಮಳೆಗಾಲದಲ್ಲಿ ಹಸಿ ಮೀನು ಕಡಿಮೆ ಅಂತಾದರೆ ಒಣಮೀನು ತರುತ್ತಾಳೆ. ಅವಳ ಸೊಂಟದ ಚೀಲದಲ್ಲಿ ಯಾವಾಗಲೂ ದುಡ್ಡು ಇರುತ್ತದೆ. ಆ ದುಡ್ಡು ಯಾವುದು ಅಂತ ಯಾರು ಕೇಳುತ್ತಾರೆ?

ಕಟ್ಟಿಂಗ್ ಟೇಬಲ್

ಅಕ್ಕಾ, ನಾನು ಕೇಳಿದ ಪ್ರಶ್ನೆಗೆ ಉತ್ತರ ಅದೇ. ಬರೆಯುವವಳಲ್ಲ ಅಂದದ್ದು ಯಾರು?

ದಕ್ಕೆಬದಿ

ಹಾಗಾದರೆ ಮೊದಲ ದೃಶ್ಯ ಮನೆಯದ್ದಲ್ಲ, ಬಸ್ ಸ್ಟ್ಯಾಂಡಿನದ್ದು. ಜಗಳವನ್ನು ಅವಳು ಕೇಳಿಸಿಕೊಳ್ಳುವುದು ಸಂಜೆ ಬುಟ್ಟಿ ತೊಳೆಯುತ್ತಾ, ಬಾವಿಕಟ್ಟೆಯಲ್ಲಿ. ಹೂಂಗುಟ್ಟುವುದನ್ನು ತೆಗೆದು ಹಾಕುತ್ತೇನೆ.

ವಾರದೊಳಗೆ ಚಿತ್ರಕಥೆ ಇಲ್ಲೇ ಹಾಕುತ್ತೇನೆ, ಕತ್ತರಿ ಹಿಡಿದು ಕೂತಿರಿ. ಅಲ್ಲಿಯವರೆಗೆ ಒಂದು ಸಹಾಯ ಬೇಕು. ಜುಲೈಯಲ್ಲಿ ಒಣಮೀನು ಮಾರುವವರು ಅದನ್ನು ಎಲ್ಲಿಂದ ತರುತ್ತಾರೆ, ಮೊದಲೇ ಒಣಗಿಸಿ ಇಟ್ಟದ್ದಾ ಅಥವಾ ಮಾರ್ಕೆಟ್ಟಿನಿಂದ ಹಿಡಿಯುವುದಾ? ನಮ್ಮ ಮನೆಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ.

ಸಂಜೆ ಏಳು

ನಾಳೆ ಮೀನಿನ ಅಮ್ಮ ಬಂದಾಗ ಕೇಳಿ ಬರೆಯುತ್ತೇನೆ. ಸಿನಿಮಾಕ್ಕೆ ಅಂತ ಹೇಳಲಾ, ಬೇಡವಾ?

ಪಂಪ್‌ವೆಲ್ ಟ್ರಾಫಿಕ್

ಹೇಳಬೇಡಿ ಅಕ್ಕಾ, ಬಂಗುಡೆ ರೇಟು ಜಾಸ್ತಿ ಮಾಡಿಯಾರು.